ಬಿರುಕಿನ ಫೋಟೊ ಹಿಡಿಯುವ ಜಾಗ

ಪಕ್ಕದ ಮನೆಯವರು ಬೇಸ್‌ಮೆಂಟಿಗೆಂದು ನೆಲ ಅಗೆಸಲು ಶುರು ಮಾಡಿದ ವಾರದಲ್ಲೇ ನಮ್ಮ ಅತ್ತೆಯ ಕೋಣೆಯ ಗೋಡೆ ಬಿರುಕು ಬಿಟ್ಟಿತು. ಕಿಟಕಿಯ ಕೆಳಮೂಲೆಯಿಂದ ಹೊರಟು, ಓರೆಯಾಗಿ ಇಳಿದು, ಮಂಚದ ತಲೆದೆಸೆಯ ಹತ್ತಿರ ನಿಂತಿದ್ದ ಕೂದಲೆಳೆಯಂಥ ಗೆರೆ. ನೋಡಿದ ಕೂಡಲೇ ಮೊಬೈಲಿನಲ್ಲಿ ಫೋಟೊ ತೆಗೆದು ಪಕ್ಕದವನಿಗೆ ವಾಟ್ಸಾಪ್ ಮಾಡಿದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು: "ಏನೂ ಕಾಣ್ತಾ ಇಲ್ವಲ್ಲ ಅಕ್ಕ." ಜೊತೆಗೆ ಎರಡು ಕೈಮುಗಿದ ಚಿತ್ರ. ನಾನೂ ತೆರೆದು ನೋಡಿದೆ. ನಿಜವಾಗಿಯೂ ಏನೂ ಕಾಣುತ್ತಿರಲಿಲ್ಲ. ಕಳಿಸುವ ದಾರಿಯಲ್ಲಿ ವಾಟ್ಸಾಪ್ ಫೋಟೊವನ್ನು ಹಿಂಡಿ, ಗೋಡೆಗೆ ಹೊಸದಾಗಿ ಸುಣ್ಣ ಬಳಿದ ಹಾಗೆ ಮಾಡಿಬಿಟ್ಟಿತ್ತು. ನನಗೆ ಮೈಯೆಲ್ಲ ಉರಿಯಿತು.

ಪಕ್ಕದವನು ಕೆಟ್ಟವನೇನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಜೆ.ಪಿ. ನಗರದ ಈ ಬೀದಿಯಲ್ಲಿ ಅವನಪ್ಪ ಮತ್ತು ನಮ್ಮ ಮಾವ ಒಟ್ಟೊಟ್ಟಿಗೆ ಮನೆ ಕಟ್ಟಿದವರು. ಹುಡುಗನಾಗಿದ್ದಾಗ ಅವನು ಶಾಲೆಯಿಂದ ಬಂದವನೇ ನಮ್ಮ ಮನೆಗೆ ನುಗ್ಗಿ ಅತ್ತೆಯ ಕೈಯ ರೊಟ್ಟಿ ತಿಂದು ಹೋಗುತ್ತಿದ್ದ. ಈಗ ಅವನಿಗೆ ಬನಶಂಕರಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇದೆ. ಅಪ್ಪ ಕಟ್ಟಿದ ಮನೆ ಕೆಡವಿ ನಾಲ್ಕು ಮಹಡಿ ಎಬ್ಬಿಸುತ್ತೇನೆ, ಕೆಳಗೆ ಕಾರು ನಿಲ್ಲಿಸುವ ಜಾಗ ಮಾಡುತ್ತೇನೆ ಎಂದು ಹೊರಟಿದ್ದ. ಮಾಡಲಿ. ಆದರೆ ಅಷ್ಟು ಆಳ ಅಗೆಯುವ ಮೊದಲು ನಮ್ಮ ಕಡೆಯ ಮಣ್ಣು ಜಾರದ ಹಾಗೆ ಒಂದು ತಡೆಗೋಡೆ ಕಟ್ಟಬೇಕು. ಅದನ್ನು ಕಟ್ಟದೆ ಜೆಸಿಬಿ ಇಳಿಸಿದ್ದ. ಅದರ ಕೊಕ್ಕೆ ನೆಲಕ್ಕೆ ಬಿದ್ದಾಗಲೆಲ್ಲ ನಮ್ಮ ಅಡುಗೆಮನೆಯ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು.

ಮನೆಯ ಗೋಡೆ ತಾನೇ, ಆಮೇಲೆ ಸರಿಮಾಡಿಸಿದರಾಯಿತು ಎಂದು ನಾನೂ ಸುಮ್ಮನಾಗುತ್ತಿದ್ದೆನೋ ಏನೋ. ಆದರೆ ಆ ಗೋಡೆಯ ಬುಡದಲ್ಲಿ ಅತ್ತೆ ಮಲಗುತ್ತಾರೆ. ಎಂಬತ್ತು ದಾಟಿದವರು, ಸೊಂಟದ ಆಪರೇಷನ್ ಆದವರು, ಮೆಟ್ಟಿಲು ಹತ್ತುವಂತಿಲ್ಲ. ಕೆಳಗಿರುವುದು ಅದೊಂದೇ ಕೋಣೆ. ಹಾಲ್‌ನಲ್ಲಿ ಮಂಚ ಹಾಕಿಸುತ್ತೇನೆ ಎಂದು ಬೇಡಿಕೊಂಡೆ.

"ಹಾಲ್‌ನಲ್ಲಿ ಮಲಗೋಕೆ ನಾನೇನು ಮದುವೆಗೆ ಬಂದ ನೆಂಟಳೇನೇ?" ಎಂದರು ಅತ್ತೆ.

"ಗೋಡೆ ಬಿರುಕು ಬಿಟ್ಟಿದೆ ಅತ್ತೆ. ನಿಮಗೆ ಭಯ ಆಗಲ್ವಾ?"

"ನಂಗ್ಯಾತರ ಭಯ? ಮಲಗಿದ್ರೆ ಬೆಳಗಾಗೋದೇ ಗೊತ್ತಾಗಲ್ಲ. ನೀನು ಸುಮ್ನೆ ಎಲ್ಲರ ತಲೆ ತಿನ್ಬೇಡ."

ಅತ್ತೆಯನ್ನು ಕದಲಿಸಲು ಆಗುವುದಿಲ್ಲ ಎಂದಾದರೆ ಜೆಸಿಬಿಯನ್ನೇ ನಿಲ್ಲಿಸಬೇಕು ಎಂದು ಅವತ್ತೇ ನಿರ್ಧರಿಸಿದೆ.

ಪಕ್ಕದವನು ಮಾರನೆಯ ದಿನ ತನ್ನ ಸೈಟ್ ಎಂಜಿನಿಯರನ್ನು ಕರೆದುಕೊಂಡು ಬಂದ. ಹಳದಿ ಹೆಲ್ಮೆಟ್ ಕಂಕುಳಲ್ಲಿ ಇರುಕಿಕೊಂಡ ಚುರುಕಾದ ಮನುಷ್ಯ. ಗೋಡೆಯ ಮೇಲೆ ಬೆರಳಾಡಿಸಿ, "ಇದು ಪ್ಲಾಸ್ಟರ್ ಕ್ರ್ಯಾಕ್ ಮೇಡಂ. ಹಳೇ ಮನೆ ಅಲ್ವಾ, ಮೊದ್ಲಿಂದ ಇರತ್ತೆ, ನೀವು ಈಗ ನೋಡಿದೀರಿ," ಎಂದ. ನಾನು ಬಿಡಲಿಲ್ಲ. ಕೊನೆಗೆ, "ಇದು ಬೆಳೀತಾ ಇದೆ ಅಂತ ಪ್ರೂಫ್ ಕೊಡಿ, ನಿಲ್ಲಿಸ್ತೀವಿ," ಎಂದು ಹೇಳಿ ಹೋದ. ಪಕ್ಕದವನೂ ತಲೆಯಾಡಿಸಿದ.

ಪ್ರೂಫ್ ಬೇಕಂತೆ. ಮೂವತ್ತು ವರ್ಷ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು ನಾನು. ಎದುರಿಗೆ ಕಂಡದ್ದನ್ನು ಬರೆಯಿರಿ, ಊಹಿಸಿದ್ದನ್ನಲ್ಲ ಎಂದು ಎಷ್ಟು ಮಕ್ಕಳ ರೆಕಾರ್ಡ್ ಪುಸ್ತಕ ವಾಪಸ್ ಎಸೆದಿಲ್ಲ! ನನ್ನನ್ನೇ ಪ್ರೂಫ್ ಕೇಳಿದರಲ್ಲ ಎಂದು ಹಲ್ಲು ಕಚ್ಚಿದೆ.

ನಮ್ಮ ಮನೆಯವರ ಹತ್ತಿರ ಒಂದು ಹಳೆಯ, ದಪ್ಪನೆಯ ಕ್ಯಾಮೆರಾ ಇದೆ. ರಿಟೈರ್ ಆದ ಮೇಲೆ ಅವರಿಗೆ ಹಕ್ಕಿಯ ಹುಚ್ಚು. ಭಾನುವಾರ ಬಂದರೆ ಮೆಟ್ರೊ ಹತ್ತಿ ತಲಘಟ್ಟಪುರದ ಕಡೆ ಹೋಗುತ್ತಾರೆ, ಕೆರೆಯ ಏರಿಯ ಮೇಲೆ ಕೂತು ಕೊಕ್ಕರೆಗಳನ್ನು ಹಿಡಿದು ತರುತ್ತಾರೆ. "ನಾನು ತೆಗೀತೀನಿ ಬಿಡು ಗೋಡೆ ಫೋಟೊ," ಎಂದು ಉತ್ಸಾಹದಿಂದ ಒಂದಿಪ್ಪತ್ತು ತೆಗೆದುಕೊಟ್ಟರು. ಅವನ್ನು ಲ್ಯಾಪ್‌ಟಾಪಿಗೆ ಹಾಕಿ, ಪಕ್ಕದ ಸೈಟಿಗೇ ಹೋಗಿ ಎಂಜಿನಿಯರಿಗೆ ತೋರಿಸಿದೆ. ಅವನು ಬಿರುಕಿನ ಜಾಗವನ್ನು ದೊಡ್ಡದು ಮಾಡಿದ, ಇನ್ನೂ ದೊಡ್ಡದು ಮಾಡಿದ. ಗೆರೆ ಕರಗಿ ಬೂದು ಬಣ್ಣದ ಚೌಕಗಳಾದವು.

"ಇದ್ರಲ್ಲಿ ಕ್ರ್ಯಾಕ್ ಎಲ್ಲಿದೆ ಮೇಡಂ? ಬರೀ ಚೌಕ ಚೌಕ."

ಪಕ್ಕದವನು ಮೆತ್ತಗೆ ಸೇರಿಸಿದ: "ಅದೂ ಅಲ್ದೆ ಕಂಪ್ಯೂಟರ್‌ಗೆ ಹಾಕಿದ್ಮೇಲೆ ಯಾರು ಏನು ಬೇಕಾದ್ರೂ ಗೆರೆ ಎಳೀಬೋದಲ್ವಾ ಅಕ್ಕ."

ಅವತ್ತು ಮನೆಗೆ ಬಂದವಳೇ ಕ್ಯಾಮೆರಾ ಕಿತ್ತುಕೊಂಡು ಅದರ ಮೆನು ತೆರೆದು ಕೂತೆ. ನಮ್ಮ ಮನೆಯವರು ಅದನ್ನು ಅತಿ ಸಣ್ಣ ಜೆಪೆಗ್‌ಗೆ ಇಟ್ಟಿದ್ದರು. ಕ್ಯಾಮೆರಾ ಕೊಂಡ ದಿನದಿಂದ ಹಾಗೇ ಇದೆಯಂತೆ. ಯಾಕೆಂದರೆ ಹಾಗಿಟ್ಟರೆ ಪರದೆಯ ಮೂಲೆಯಲ್ಲಿ ಮೆಮೊರಿ ಕಾರ್ಡಿನಲ್ಲಿ ಇನ್ನೂ ಸಾವಿರಕ್ಕೂ ಹೆಚ್ಚು ಫೋಟೊ ಹಿಡಿಯುತ್ತದೆ ಎಂದು ತೋರಿಸುತ್ತದೆ. ಆ ಸಂಖ್ಯೆ ದೊಡ್ಡದಾಗಿ ಕಂಡರೆ ಅವರಿಗೆ ಹೊಟ್ಟೆ ತುಂಬಿದಷ್ಟು ಸಮಾಧಾನ. ನಾನು ಗುಂಡಿ ತಿರುಗಿಸಿ ರಾ ಎಂಬಲ್ಲಿಗೆ ತಂದೆ. ಸಂಖ್ಯೆ ದಬಕ್ಕನೆ ನೂರರ ಕೆಳಕ್ಕೆ ಬಿತ್ತು.

"ಅಯ್ಯೋ, ಏನು ಮಾಡ್ದೆ? ಕಾರ್ಡೇ ತುಂಬಿ ಹೋಯ್ತಲ್ಲೇ!" ಎಂದರು ಇವರು.

"ಕಾರ್ಡ್ ಎಷ್ಟಿತ್ತೋ ಅಷ್ಟೇ ಇದೆ ರೀ. ಫೋಟೊ ದಪ್ಪ ಆಯ್ತು."

ಜೆಪೆಗ್ ಏನು ಮಾಡುತ್ತದೆ ಎಂದು ಅವರಿಗೆ ನನ್ನ ಲ್ಯಾಬಿನ ಭಾಷೆಯಲ್ಲೇ ಹೇಳಿದೆ. ಈರುಳ್ಳಿ ಸಿಪ್ಪೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬರೆಯಿರಿ ಎಂದರೆ ಕೆಲವು ಮಕ್ಕಳು ಒಂದೇ ಕೋಶ ನೋಡಿ, ಪಕ್ಕದ ಹತ್ತನ್ನೂ ಹಾಗೇ ಇರಬಹುದೆಂದು ಗೀಚಿ ಕೊಡುತ್ತಾರೆ. ಕೆಲಸ ಬೇಗ ಮುಗಿಯುತ್ತದೆ, ದೂರದಿಂದ ನೋಡಿದರೆ ಚಂದವೂ ಇರುತ್ತದೆ. ಜೆಪೆಗ್ ಅಂಥ ವಿದ್ಯಾರ್ಥಿ. ಗೋಡೆ ಬೆಳ್ಳಗಿದೆ, ಪಕ್ಕದ್ದೂ ಬೆಳ್ಳಗೇ ಇರಬೇಕು ಎಂದುಕೊಂಡು ನಡುವಿನ ಕೂದಲೆಳೆಯನ್ನು ಬಿಟ್ಟುಬಿಡುತ್ತದೆ. ಕತ್ತಲಿರುವ ಕಡೆ ಇಣುಕಿಯೂ ನೋಡದೆ ಕಪ್ಪು ಬಳಿಯುತ್ತದೆ. ಅದಕ್ಕೇ ಅದು ಕಾರ್ಡಿನಲ್ಲಿ ಇಷ್ಟೇ ಇಷ್ಟು ಜಾಗ ಕೇಳುತ್ತದೆ. ರಾ ಎಂದರೆ ಕ್ಯಾಮೆರಾದ ಕಣ್ಣಿಗೆ ಬಿದ್ದದ್ದನ್ನೆಲ್ಲ ಇದ್ದ ಹಾಗೇ ಇಟ್ಟುಕೊಳ್ಳುವ ಫೈಲು. ನೋಡಲು ಪೇಲವ, ಆದರೆ ಯಾವುದನ್ನೂ ಬಿಟ್ಟಿರುವುದಿಲ್ಲ. ಹತ್ತು ಸಣ್ಣ ಕೊಕ್ಕರೆಗಳ ಜಾಗವನ್ನು ಒಂದು ಗೋಡೆಯೇ ತಿನ್ನುತ್ತದೆ.

ಇನ್ನೊಂದು ಕಾರ್ಡ್ ಕೊಂಡರಾಯಿತಲ್ಲ ಎನ್ನಬಹುದು. ನಾನೂ ಹಾಗೇ ಎಂದುಕೊಂಡು ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದೆ. ಕ್ಯಾಮೆರಾ ಹಳೆಯದು, ಅದಕ್ಕೆ ಬೇಕಾದ್ದು ಬೆಂಕಿಪೊಟ್ಟಣದಷ್ಟು ಅಗಲದ ಹಳೆಯ ಕಾಲದ ಕಾರ್ಡು. ಅಂಗಡಿಯವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಈ ಟೈಪ್ ಈಗ ಬರೋದೇ ಇಲ್ಲ ಮೇಡಂ. ಕ್ಯಾಮೆರಾನೇ ಚೇಂಜ್ ಮಾಡ್ಬಿಡಿ," ಎಂದ.

"ಗೋಡೆನೂ ಚೇಂಜ್ ಮಾಡ್ಲಾ?" ಎಂದು ಕೇಳಿ ಎದ್ದು ಬಂದೆ. ಪಾಪ, ಅವನಿಗೆ ಏನೂ ಅರ್ಥವಾಗಿರಲಿಕ್ಕಿಲ್ಲ.

ಇರುವ ಒಂದೇ ಕಾರ್ಡಿನಲ್ಲಿ ಇದನ್ನು ಗೆಲ್ಲಬೇಕಾಗಿತ್ತು. ಕಂಪ್ಯೂಟರಿನಲ್ಲಿ ಗೆರೆ ಎಳೆದಿದ್ದಾಳೆ ಎಂದು ಯಾರೂ ಹೇಳಬಾರದು, ಆದ್ದರಿಂದ ಮೂಲ ಫೈಲುಗಳೆಲ್ಲ ಕಾರ್ಡಿನಲ್ಲೇ ಇರಬೇಕು, ಒಂದನ್ನೂ ಅಳಿಸಬಾರದು ಎಂದು ನನಗೆ ನಾನೇ ನಿಯಮ ಮಾಡಿಕೊಂಡೆ. ಆಮೇಲೆ ಅಟ್ಟದ ಮೇಲಿಂದ ಕಾಲೇಜು ದಿನಗಳ ಗಾಜಿನ ಸ್ಲೈಡುಗಳ ಡಬ್ಬಿ ಇಳಿಸಿದೆ. ಬಿರುಕಿಗೆ ಅಡ್ಡಲಾಗಿ ಮೂರು ಕಡೆ ಸ್ಲೈಡ್ ಇಟ್ಟು, ಎರಡು ತುದಿಗೂ ಗಟ್ಟಿ ಅಂಟು ಹಾಕಿ ಕೂರಿಸಿದೆ: ಒಂದು ಕಿಟಕಿಯ ಕೆಳಗೆ, ಒಂದು ನಡುವೆ, ಒಂದು ಮಂಚದ ತಲೆದೆಸೆಯಲ್ಲಿ. ಗೋಡೆ ಕದಲದಿದ್ದರೆ ಗಾಜು ಹಾಗೇ ಇರುತ್ತದೆ. ಬಿರುಕು ಸ್ವಲ್ಪ ಬಾಯಿ ಬಿಟ್ಟರೂ ಗಾಜು ಬಗ್ಗುವುದಿಲ್ಲ, ಒಡೆಯುತ್ತದೆ. ಪಕ್ಕದವನನ್ನೂ ಎಂಜಿನಿಯರನ್ನೂ ಕರೆದು ತೋರಿಸಿದೆ. "ಒಳ್ಳೆ ಐಡಿಯಾ ಮೇಡಂ," ಎಂದ ಎಂಜಿನಿಯರ್. ನನಗೆ ಅವನ ಮೆಚ್ಚುಗೆ ಬೇಕಿರಲಿಲ್ಲ.

ದಿನಾ ಬೆಳಿಗ್ಗೆ ಬೆಳಕು ಹರಿಯುವಾಗ ಏಳೆಂಟು ಫೋಟೊ, ಒಂದು ಅಲುಗಿದರೆ ಇನ್ನೊಂದಿರಲೆಂದು. ಜೆಸಿಬಿ ಕೆಲಸ ಶುರುವಾಗುವ ಮೊದಲೇ ಆಗಬೇಕು, ಇಲ್ಲದಿದ್ದರೆ ನೆಲ ನಡುಗಿ ಕ್ಯಾಮೆರಾ ಅಲುಗುತ್ತದೆ. ಒಂದೇ ಜಾಗದಲ್ಲಿ ಸ್ಟೂಲು, ಅದರ ಮೇಲೆ ಕ್ಯಾಮೆರಾ, ಒಂದೇ ಕೋನ. ಫ್ಲ್ಯಾಶ್ ಹಾಕಿದರೆ ಗಾಜು ಹೊಳೆಯುತ್ತದೆ, ಅತ್ತೆಗೂ ಎಚ್ಚರವಾಗುತ್ತದೆ. ಹಾಗಾಗಿ ದೀಪ ಹಾಕದೆ, ಚಪ್ಪಲಿ ಬಿಟ್ಟು, ಬೆಕ್ಕಿನ ಹಾಗೆ ಒಳಗೆ ಹೋಗಿ, ಉಸಿರು ಬಿಗಿಹಿಡಿದು ಕ್ಲಿಕ್ ಮಾಡಿ ಹೊರಗೆ ಬರುತ್ತಿದ್ದೆ. ಕಿಟಕಿಯ ಬೆಳಕಿಗೆ ಬಿಳಿ ಗೋಡೆ ಇನ್ನೂ ಬೆಳ್ಳಗಾಗಿ ಗೆರೆ ಮುಚ್ಚಿಹೋಗದಿರಲೆಂದು ಫೋಟೊವನ್ನು ಕಪ್ಪಾಗಿಯೇ ತೆಗೆಯುತ್ತಿದ್ದೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಗೋಡೆ ಕಾಣುತ್ತಿತ್ತು, ಮಂಚದ ಕಡೆಯೆಲ್ಲ ಬರೀ ಕತ್ತಲೆ.

ಏನೂ ಆಗದ ದಿನಗಳೇ ಹೆಚ್ಚು. ಕಾರ್ಡಿನ ಸಂಖ್ಯೆ ಮಾತ್ರ ಇಳಿಯುತ್ತಾ ಹೋಯಿತು. ಇವರಿಗೆ ತಡೆಯಲಾಗಲಿಲ್ಲ.

"ದಿನಾ ಅದೇ ಗೋಡೆ, ಅದೇ ಗಾಜು. ಏನೂ ಆಗ್ದೇ ಇರೋದಕ್ಕೆ ಇಷ್ಟು ದಪ್ಪ ಫೋಟೊ ಯಾಕೆ? ಒಡೆದ ದಿನ ರಾ ತೆಗಿ. ಮಿಕ್ಕಿದ್ದಕ್ಕೆ ಜೆಪೆಗ್ ಸಾಕು."

"ಒಡೆದಿರ್ಲಿಲ್ಲ ಅಂತ ತೋರಿಸೋ ಫೋಟೊ ಮಸುಕಾಗಿದ್ರೆ, ಒಡೆದಿದೆ ಅಂತ ತೋರಿಸೋದನ್ನ ಯಾರು ನಂಬ್ತಾರೆ ರೀ? ಮೊದಲೇ ಸೀಳಿತ್ತು, ನಿಮಗೆ ಕಾಣಲಿಲ್ಲ ಅಂತಾರೆ."

ಮಾರನೆಯ ದಿನ ನೋಡಿದರೆ ಇವರು, ಕಾರ್ಡಿನಲ್ಲಿದ್ದ ತಮ್ಮ ಕೊಕ್ಕರೆ, ನೀರುಕಾಗೆ, ಮಿಂಚುಳ್ಳಿಗಳನ್ನೆಲ್ಲ ಲ್ಯಾಪ್‌ಟಾಪಿಗೆ ಸಾಗಿಸಲು ಕೂತಿದ್ದರು. ಒಂದೊಂದನ್ನೂ ತೆರೆದು, ಸರಿಯಾಗಿ ಬಂದಿದೆಯೇ ಎಂದು ನೋಡಿ, ಆಮೇಲೆ ಕಾರ್ಡಿನಿಂದ ಅಳಿಸುವುದು. ಕಂಪ್ಯೂಟರನ್ನು ಎಂದೂ ನಂಬದ ಮನುಷ್ಯ. ಸಂಜೆಯ ಹೊತ್ತಿಗೆ ಹಕ್ಕಿಗಳೆಲ್ಲ ವಲಸೆ ಹೋಗಿದ್ದವು. "ತಗೋ, ನಿನ್ನ ಗೋಡೆಗೆ ಜಾಗ ಆಯ್ತು," ಎಂದು ಕ್ಯಾಮೆರಾ ಕೈಗಿಟ್ಟರು. ಈ ಮನುಷ್ಯನ ಮೇಲೆ ನನಗೆ ತುಂಬಾ ಪ್ರೀತಿ ಬಂತು.

ಮುಂದಿನ ವಾರ ಒಂದು ಬೆಳಿಗ್ಗೆ ನಡುವಿನ ಗಾಜು ಸೀಳಿತ್ತು. ಬಿರುಕಿನ ನೇರಕ್ಕೆ, ಎರಡೂ ಹೋಳು ಗೋಡೆಗೇ ಅಂಟಿಕೊಂಡಿದ್ದವು. ಸ್ಟೂಲು ಸರಿಸದೆ ಫೋಟೊ ತೆಗೆದೆ. ತಲೆದೆಸೆಯ ಗಾಜಿನ ಕಥೆ ಏನೆಂದು ಬಗ್ಗಿ ನೋಡಿದರೆ ಆ ಮೂಲೆಯ ಕತ್ತಲಲ್ಲಿ ತಿಳಿಯಲಿಲ್ಲ. ಅತ್ತೆಯ ದಿಂಬಿನ ಮೇಲೆ ವಾಲಿ ಟಾರ್ಚ್ ಬಿಡಲು ಮನಸ್ಸಾಗಲಿಲ್ಲ. ಕ್ಯಾಮೆರಾ ನೋಡಿರುತ್ತದೆ ಬಿಡು ಎಂದುಕೊಂಡು ಹೊರಗೆ ಬಂದೆ.

ಪಕ್ಕದವನಿಗೆ ಫೋನ್ ಮಾಡಿ, ಭಾನುವಾರ ಎಂಜಿನಿಯರ್ ಜೊತೆ ಮನೆಗೆ ಬಾ ಎಂದೆ. ಅಷ್ಟರಲ್ಲಿ ಪ್ರಿಂಟ್ ಹಾಕಿಸಬೇಕು. ಸ್ಟುಡಿಯೊದವರಿಗೆ ರಾ ಫೈಲು ಕೊಟ್ಟರೆ ಆಗುವುದಿಲ್ಲ, ಅದನ್ನು ನಾವೇ ತೆರೆದು ಜೆಪೆಗ್ ಮಾಡಿ ಕೊಡಬೇಕು. ಮೂಲವನ್ನು ಕಾರ್ಡಿನಲ್ಲೇ ಬಿಟ್ಟು, ಪ್ರತಿಯನ್ನು ಲ್ಯಾಪ್‌ಟಾಪಿನಲ್ಲಿ ತೆರೆದೆ. ಕಿಟಕಿಯ ಕೆಳಗಿನ ಸ್ಲೈಡು ಸರಿಯಾಗಿತ್ತು. ನಡುವಿನದು ಒಡೆದದ್ದು ಹಗಲಿನಷ್ಟು ಸ್ಪಷ್ಟ. ತಲೆದೆಸೆಯದು ಕತ್ತಲಲ್ಲಿತ್ತಲ್ಲ, ಅದನ್ನು ನೋಡಲೆಂದು ಕಪ್ಪು ಭಾಗವನ್ನು ಬೆಳಗಿಸುವ ಪಟ್ಟಿಯನ್ನು ನಿಧಾನಕ್ಕೆ ಬಲಕ್ಕೆ ಎಳೆದೆ.

ಕತ್ತಲೆ ತಿಳಿಯಾಗುತ್ತಾ ಬಂತು. ಮೊದಲು ತಲೆದೆಸೆಯ ಗಾಜು ಒಡೆಯದೆ ಇರುವುದು ಕಂಡಿತು, ಆಮೇಲೆ ಮಂಚದ ಕಂಬಿ. ಆಮೇಲೆ ದಿಂಬು, ಆಮೇಲೆ ಬಿಳಿ ಕೂದಲು. ಆಮೇಲೆ ಅತ್ತೆಯ ಮುಖ.

ಕಣ್ಣು ತೆರೆದಿದ್ದವು.

ನನ್ನ ಕಡೆ ನೋಡುತ್ತಿರಲಿಲ್ಲ. ಬಿರುಕನ್ನೇ ನೋಡುತ್ತಿದ್ದರು. ಕುತ್ತಿಗೆಯಲ್ಲಿ ನೇತಾಡುವ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಮುಷ್ಟಿಯಲ್ಲಿ ಹಿಡಿದು, ಆ ಮುಷ್ಟಿಯನ್ನು ಗದ್ದಕ್ಕೆ ಒತ್ತಿಕೊಂಡಿದ್ದರು. ನಾನು ಉಸಿರು ಬಿಗಿಹಿಡಿದು ನಿಂತಿದ್ದಾಗ ಅವರೂ ಹಾಗೇ ಮಲಗಿದ್ದರು.

ಹಿಂದಿನ ದಿನದ ಫೈಲು ತೆರೆದೆ. ಪಟ್ಟಿ ಎಳೆದೆ. ಅದೇ ಕಣ್ಣು, ಅದೇ ಮುಷ್ಟಿ. ಅದರ ಹಿಂದಿನದು ತೆರೆದೆ. ಮೊದಲ ದಿನದವರೆಗೂ ಹೋದೆ. ಒಂದರಲ್ಲೂ ಅತ್ತೆ ನಿದ್ದೆ ಮಾಡಿರಲಿಲ್ಲ. ಮಲಗಿದರೆ ಬೆಳಗಾಗುವುದೇ ತಿಳಿಯುವುದಿಲ್ಲ ಎಂದಿದ್ದವರು! ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಚೆನ್ನಾಗಿ ಅತ್ತುಬಿಟ್ಟೆ. ಆಮೇಲೆ ಮುಖ ತೊಳೆದು ಬಂದು ಪ್ರಿಂಟಿಗೆ ಬೇಕಾದ ಫೋಟೊಗಳನ್ನು ಆರಿಸಿದೆ. ಅವರ ಮುಖ ಒಂದು ಪ್ರಿಂಟಿನಲ್ಲೂ ಬರದ ಹಾಗೆ ಕತ್ತರಿಸಿದೆ. ಆ ಮುಖವನ್ನು ಊರಿಗೆಲ್ಲ ತೋರಿಸುವ ಹಕ್ಕು ನನಗಿರಲಿಲ್ಲ.

ಭಾನುವಾರ ಇಬ್ಬರೂ ಬಂದರು. ಕಾಫಿ ಕೊಟ್ಟು ಪ್ರಿಂಟುಗಳನ್ನು ಟೀಪಾಯಿಯ ಮೇಲೆ ಹರಡಿದೆ. ಎಂಜಿನಿಯರ್ ಬಗ್ಗಿ ಬಗ್ಗಿ ನೋಡಿದ. ಕ್ಯಾಮೆರಾದಲ್ಲೂ ಮೂಲ ತೆರೆದು ತೋರಿಸಿದೆ. ಈ ಸಲ ಚೌಕ ಚೌಕ ಎನ್ನಲು ಆಗಲಿಲ್ಲ.

"ಗ್ಲಾಸ್ ಒಡೆದಿದೆ, ಒಪ್ತೀನಿ," ಎಂದ. "ಆದ್ರೆ ಯಾರದ್ದಾದ್ರೂ ಕೈ ತಾಗಿರಬೋದು ಮೇಡಂ."

"ಕೈ ತಾಗಿದ್ರೆ ಬಿರುಕಿನ ನೇರಕ್ಕೇ ಸೀಳುತ್ತಾ?"

ಅವನು ಪಕ್ಕದವನ ಮುಖ ನೋಡಿದ. ಪಕ್ಕದವನು ಕಾಫಿ ಲೋಟ ಕೆಳಗಿಟ್ಟು, "ಅಕ್ಕ, ನೀವು ಸುಮ್ನೆ ಟೆನ್ಷನ್ ಮಾಡ್ಕೊತಿದೀರ. ಈಗ ಬರ್ತಾ ನಾನೇ ಅಜ್ಜಿನ ಮಾತಾಡಿಸ್ದೆ. ನಂಗೇನೂ ಭಯ ಇಲ್ಲಪ್ಪ, ಸೊಗಸಾಗಿ ನಿದ್ದೆ ಬರುತ್ತೆ ಅಂದ್ರು. ಅಲ್ಲಿ ಮಲಗೋರಿಗೇ ಇಲ್ದೇ ಇರೋ ಭಯ ನಿಮಗ್ಯಾಕೆ?" ಎಂದ.

ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಅತ್ತೆ ಮಂಚದ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಅಲ್ಲಿ ಬಾಯಿ ಬಿಟ್ಟರೆ ಅವರ ಮರ್ಯಾದೆ ಹೋಗುತ್ತದೆ, ಬಾಯಿ ಮುಚ್ಚಿಕೊಂಡರೆ ನಾಳೆ ಮತ್ತೆ ಜೆಸಿಬಿ. ನಾನು ಲ್ಯಾಪ್‌ಟಾಪ್ ಎತ್ತಿಕೊಂಡು, "ಒಂದ್ನಿಮಿಷ ನನ್ಜೊತೆ ಬಾ," ಎಂದು ಪಕ್ಕದವನನ್ನು ಒಬ್ಬನನ್ನೇ ಅಡುಗೆಮನೆಗೆ ಕರೆದುಕೊಂಡು ಹೋದೆ. ಕಟ್ಟೆಯ ಮೇಲಿಟ್ಟು, ಅವನ ಕಣ್ಣೆದುರಿಗೇ ಪಟ್ಟಿಯನ್ನು ಬಲಕ್ಕೆ ಎಳೆದೆ.

ಅವನು ಪರದೆಯ ಹತ್ತಿರಕ್ಕೆ ಬಗ್ಗಿದ.

"ಇದು ಯಾವತ್ತಿಂದು?"

"ಇವತ್ತಿಂದು ಬೇಕಾ, ನಿನ್ನೆದು ಬೇಕಾ? ಯಾವ ದಿನದ್ದು ಬೇಕೋ ತೆಗಿ."

ಅವನೇ ಒಂದನ್ನು ತೆರೆದ. ಇನ್ನೊಂದನ್ನು ತೆರೆದ. ಮೂರನೆಯದನ್ನು ಪೂರ್ತಿ ಬೆಳಗಿಸಲೂ ಇಲ್ಲ, ಕತ್ತಲಿನಿಂದ ಕಣ್ಣು ಕಾಣಿಸಿದ ಕೂಡಲೇ ಲ್ಯಾಪ್‌ಟಾಪ್ ಮುಚ್ಚಿಬಿಟ್ಟ. ಹೊರಗೆ ಹೋಗಿ ಎಂಜಿನಿಯರಿಗೆ, "ನಾಳೆಯಿಂದ ಅಗೆಯೋದು ಬೇಡ. ಮೊದ್ಲು ಈ ಕಡೆ ಗೋಡೆ ಕಟ್ಸಿ, ಆಮೇಲೆ ಮಿಕ್ಕಿದ್ದು," ಎಂದ. ಎಂಜಿನಿಯರ್ ಏನೋ ಹೇಳಲು ಬಾಯಿ ತೆರೆದ. "ಹೇಳಿದ್ದು ಮಾಡಿ ಸಾರ್," ಎಂದು ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ. ಕೋಣೆಯ ಕಡೆ ತಿರುಗಿ ನೋಡುವ ಧೈರ್ಯ ಅವನಿಗಿರಲಿಲ್ಲ.

ಕೆಲಸ ನಿಂತಿತು. ಆದರೆ ತಡೆಗೋಡೆ ಏಳಲು ಇನ್ನೂ ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ಬಿರುಕು ಅಲ್ಲೇ ಇರುತ್ತದೆ, ಅತ್ತೆಯೂ ಅಲ್ಲೇ ಇರುತ್ತಾರೆ. ಅವತ್ತು ಊಟವಾದ ಮೇಲೆ ನಾನು ಮಹಡಿಯಿಂದ ನನ್ನ ಹಾಸಿಗೆ ಸುತ್ತಿಕೊಂಡು ಇಳಿದು ಬಂದೆ. ಮಂಚಕ್ಕೂ ಗೋಡೆಗೂ ನಡುವಿನ ಜಾಗದಲ್ಲಿ ಹಾಸತೊಡಗಿದೆ.

"ಇದೇನೇ ಇದು? ಮೇಲೆ ಜಾಗ ಇಲ್ವಾ?" ಎಂದರು ಅತ್ತೆ.

ಏನು ಹೇಳಬೇಕೆಂದು ಮೆಟ್ಟಿಲಿಳಿಯುವಾಗಲೇ ಯೋಚಿಸಿಕೊಂಡಿದ್ದೆ.

"ನಂಗೆ ಭಯ ಆಗ್ತಿದೆ ಅತ್ತೆ. ಈ ಗೋಡೆ ನೆನೆಸ್ಕೊಂಡ್ರೆ ನಿದ್ದೆನೇ ಬರ್ತಿಲ್ಲ. ನಿಮ್ಮ ಹತ್ರ ಮಲಗ್ತೀನಿ."

ಅತ್ತೆ ನನ್ನನ್ನೇ ನೋಡಿದರು. ಅವರ ಕೈ ಕರಡಿಗೆಯ ಮೇಲಿತ್ತು.

"ಅಷ್ಟು ಭಯ ಇಟ್ಕೊಂಡು ಇಷ್ಟು ದಿನ ಒಬ್ಳೇ ಒದ್ದಾಡಿದ್ಯಾ? ಹೇಳ್ಬಾರ್ದಾಗಿತ್ತಾ?" ಎಂದು ಗದರಿದರು. ಆಮೇಲೆ ಮೆಲ್ಲಗೆ ಸೊಂಟ ಸರಿಸಿಕೊಂಡು, ಮಂಚದ ಆಚೆಯ ಬದಿಯನ್ನು ಬೆರಳಿನಿಂದ ತೋರಿಸಿದರು.

"ಆ ಕಡೆ ಹಾಸ್ಕೊ. ಗೋಡೆ ಕಡೆ ನಾನಿರ್ತೀನಿ."